ಕೋಣನಕುಂಟೆ ಅಂದರೆ ಶಿವರಾಸನ್ ಮಾತ್ರ ಯಾಕೆ?

ಕನಕಪುರರಸ್ತೆ96
ನಮ್ಮ ಮನೆ ಕೋಣನಕುಂಟೆ ಕ್ರಾಸ್ ಮೆಟ್ರೊ ಹತ್ತಿರ. ಆ ಕಡೆ ಹೋದಾಗಲೆಲ್ಲ ಅಪ್ಪ "ರಾಜೀವ್ ಗಾಂಧೀನ ಕೊಂದವರು ಸಿಕ್ಕಿದ್ದು ಇಲ್ಲೇ ಕಣೋ" ಅನ್ನುತ್ತಾರೆ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಶ್ರೀಪೆರಂಬುದೂರಿನಲ್ಲಿ ಬಾಂಬ್ ಇಟ್ಟವರು ಇಲ್ಲಿಗೆ ಹೇಗೆ ಬಂದರು? ಆ ಸಭೆಯಲ್ಲಿ ಬೇರೆ ಯಾರೂ ಸಾಯಲಿಲ್ವಾ? ಅವರ ಮಾತೇ ಯಾರೂ ಎತ್ತುವುದಿಲ್ಲ.

ಹಳೇಜಯನಗರ
ಇಟ್ಟ ಬಾಂಬ್ ಅಲ್ಲ, ಮೈಗೆ ಕಟ್ಟಿಕೊಂಡು ಬಂದದ್ದು. 1991ರ ಮೇ 21, ರಾತ್ರಿ ಹತ್ತು ದಾಟಿತ್ತು, ಚುನಾವಣಾ ಸಭೆ. ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇಯ ಧನು ಹಾರ ಹಿಡಿದು ಜನರ ಮಧ್ಯೆ ನಿಂತಿದ್ದಳು. ಮಹಿಳಾ ಪೊಲೀಸ್ ಒಬ್ಬರು ತಡೆದರು, ರಾಜೀವ್ ಅವರೇ ಬಿಡಿ ಅಂದರು. ಅವಳು ಕಾಲಿಗೆ ಬೀಳುವವಳ ಹಾಗೆ ಬಗ್ಗಿದಳು, ಅಷ್ಟೇ.

ಎಲ್‌ಟಿಟಿಇಯ ಸಿಟ್ಟು ಹಳೆಯದು. ಶ್ರೀಲಂಕಾ ಸರ್ಕಾರದ ಜೊತೆಗಿನ 1987ರ ಒಪ್ಪಂದದ ಮೇಲೆ ರಾಜೀವ್ ಅಲ್ಲಿಗೆ ಶಾಂತಿಪಾಲನಾ ಪಡೆ ಕಳಿಸಿದರು. ಶಾಂತಿ ಕಾಯಲು ಹೋದ ನಮ್ಮ ಸೈನಿಕರು ತಮಿಳರಿಗೆ ಈಳಂ ಅನ್ನುವ ಪ್ರತ್ಯೇಕ ದೇಶ ಕೇಳುತ್ತಿದ್ದ ಎಲ್‌ಟಿಟಿಇ ಜೊತೆಗೇ ಯುದ್ಧಕ್ಕೆ ಬಿದ್ದು, ಸುಮಾರು 1,200 ಮಂದಿ ಸತ್ತು, 1990ರಲ್ಲಿ ವಾಪಸ್ ಬಂದರು. ರಾಜೀವ್ ಮತ್ತೆ ಗೆದ್ದರೆ ಸೇನೆ ಮತ್ತೆ ಬರುತ್ತದೆ ಅನ್ನುವ ಭಯ ಎಲ್‌ಟಿಟಿಇ ನಾಯಕ ಪ್ರಭಾಕರನ್‌ಗೆ ಇತ್ತು.

ಈ ಕೊಲೆಯ ತಂಡವನ್ನು ನಡೆಸಿದವನು ಎಲ್‌ಟಿಟಿಇಯ ಶಿವರಾಸನ್. ಅವನು ಮದ್ರಾಸಿನಿಂದ ಬೆಂಗಳೂರಿಗೆ ಬಂದದ್ದು ಟ್ಯಾಂಕರ್ ಲಾರಿಯೊಳಗೆ ಅಡಗಿಕೊಂಡು.

ತೋಟದಮನೆ
ಆಗ ಕೋಣನಕುಂಟೆ ಇನ್ನೂ ಹಳ್ಳಿ. ಆಗಸ್ಟ್ 18ರ ಸಂಜೆ ಶಿವರಾಸನ್ ತಂಡ ಅಡಗಿದ್ದ ಮನೆಯನ್ನು ಪೊಲೀಸರು ಸುತ್ತುವರಿದರು. ಜನ ಜಾತ್ರೆಗೆ ಬಂದ ಹಾಗೆ ಬಂದರು, ನಾನೂ ಹೋಗಿ ನಿಂತಿದ್ದೆ. ಜೀವಂತ ಹಿಡಿಯಬೇಕು ಅಂತ ಕಮಾಂಡೊಗಳನ್ನು ಕಾಯಿಸಿದರು. 20ರ ಬೆಳಗ್ಗೆ ಒಳಗೆ ಹೋದರೆ ಏಳು ಹೆಣ. ಸಯನೈಡ್. ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ಅವತ್ತು ರಾಜೀವ್ ಹುಟ್ಟಿದ ದಿನ. ಅವರು ಬದುಕಿ ಸಿಕ್ಕಿದ್ದರೆ ಎಷ್ಟೋ ವಿಷಯ ಹೊರಗೆ ಬರುತ್ತಿತ್ತು, ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

ರಾತ್ರಿಬಸ್
ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ರಾಜೀವ್ ಜೊತೆ ಕನಿಷ್ಠ ಇನ್ನೂ 14 ಜನ ಸತ್ತರು. ಬಂದೋಬಸ್ತಿಗೆ ನಿಂತಿದ್ದ ಪೊಲೀಸರೇ ಎಷ್ಟೋ ಮಂದಿ. ರಾಜೀವ್ ಮುಂದೆ ಪದ್ಯ ಹೇಳಲು ಅಮ್ಮನ ಜೊತೆ ಬಂದಿದ್ದ ಪುಟ್ಟ ಹುಡುಗಿ ಸತ್ತಳು, ಅಮ್ಮನೂ ಸತ್ತರು. ಕೊಲೆಗಾರರೇ ಕರೆತಂದಿದ್ದ ಫೋಟೊಗ್ರಾಫರ್ ಕೂಡ ಸತ್ತ. ಅವನ ಕ್ಯಾಮೆರಾ ಮಾತ್ರ ಉಳಿಯಿತು. ಕಾರ್ತಿಕೇಯನ್ ಅವರ ತನಿಖಾ ತಂಡಕ್ಕೆ ಧನು, ಶಿವರಾಸನ್ ಮುಖ ಸಿಕ್ಕಿದ್ದು ಆ ರೀಲಿನಲ್ಲೇ.

ಈ ಕೇಸಿನಲ್ಲಿ ಶಿಕ್ಷೆಯಾಗಿ ಬಿಡುಗಡೆಯಾದವರ ಬಗ್ಗೆ 2022ರಲ್ಲಿ ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ಆಯಿತು. ಅವರಲ್ಲೊಬ್ಬರಾದ ಪೇರರಿವಾಳನ್ ಹತ್ತೊಂಬತ್ತನೇ ವಯಸ್ಸಿಗೆ ಜೈಲಿಗೆ ಹೋಗಿ ಮೂವತ್ತೊಂದು ವರ್ಷ ಕಳೆದರು, ಅದನ್ನು ಮಾತಾಡಲೇಬೇಕು, ಬೇಡ ಅನ್ನುತ್ತಿಲ್ಲ. ಆದರೆ ಗಾಯಗೊಂಡು ಉಳಿದವರ ಮನೆಯಲ್ಲಿ ಏನಾಯಿತು ಅಂತ ಅಷ್ಟು ಹೊತ್ತು ಯಾರು ಕೇಳಿದರು?

ಕನಕಪುರರಸ್ತೆ96
ಅಪ್ಪನಿಗೆ ಇದನ್ನು ಓದಿ ಹೇಳಿದೆ. ಆ ಮಗುವಿನ ವಿಷಯ ಅವರಿಗೂ ಗೊತ್ತಿರಲಿಲ್ಲ. ಮುಂದಿನ ತಿಂಗಳು ಇಬ್ಬರೂ ಚೆನ್ನೈಗೆ ಹೋಗುವವರಿದ್ದೇವೆ, ಶ್ರೀಪೆರಂಬುದೂರಿನ ಸ್ಮಾರಕದ ಹತ್ತಿರ ಗಾಡಿ ನಿಲ್ಲಿಸೋಣ ಅಂದರು.