ಸಹಾಯ ಬೇಕು: ಎಲ್ಲಾ ಆಫ್ ಮಾಡಿದರೂ ಮೀಟರ್ ಓಡ್ತಾ ಇದೆ

ನಮಸ್ಕಾರ. ಮೈಸೂರಿನಲ್ಲಿ ಬಾಡಿಗೆ ಮನೆ, ಮೂರು ಜನ. ಗ್ಯಾಸ್ ಇಲ್ಲ, ಇಂಡಕ್ಷನ್ ಒಲೆ, ಗೀಸರ್, ಎಲ್ಲಾ ಕರೆಂಟಿನದೇ. ತಿಂಗಳಿಗೆ 180 ಯೂನಿಟ್ ಆಸುಪಾಸು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿತ್ತು. ಈ ಸಲ 312 ಯೂನಿಟ್! 200 ದಾಟಿದರೆ ಪೂರ್ತಿ ದುಡ್ಡು ಕಟ್ಟಬೇಕಲ್ವಾ, ತಲೆ ತಿರುಗಿತು.

2000 ವ್ಯಾಟ್ ಗೀಸರ್ ಗಂಟೆಗೆ 2 ಯೂನಿಟ್ ತಿನ್ನುತ್ತೆ, ಗೊತ್ತು. ಆದರೆ ನಾವು ಹಾಕುವುದು ದಿನಕ್ಕೆ ಅರ್ಧ ಗಂಟೆ (ಮಗಳು ಆಫ್ ಮಾಡೋಕೆ ಮರೆತ ಎರಡು ದಿನ ಬಿಟ್ಟು).

ನಿನ್ನೆ ರಾತ್ರಿ ಫ್ರಿಜ್ ಸಮೇತ ಎಲ್ಲಾ ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿದೆ. ಮೀಟರಿನ ಕೆಂಪು ಲೈಟ್ ಮಿಣುಕುತ್ತಲೇ ಇತ್ತು. ಮೇನ್ ಇಳಿಸಿದ ಮೇಲೆ ನಿಂತಿತು. ವೈರಿಂಗಲ್ಲಿ ಲೀಕೇಜ್ ಇರಬಹುದಾ? ಕೆಳಗಿನ ಸಂಪ್ ಮೋಟರ್ ನಮ್ಮ ಲೈನಿಗೆ ಸೇರಿಸಿದ್ದಾರಾ? ಓನರ್ ಕೇಳಿದರೆ "ಎಲ್ಲಾ ನಿಮ್ಮ ಒಲೆಯದೇ ಕೆಲಸ" ಅಂತಾರೆ.

ಒಂದೊಂದೇ ಎಂಸಿಬಿ (ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್) ಇಳಿಸಿ ಹುಡುಕಬಹುದಾ, ಇಲ್ಲ ಎಲೆಕ್ಟ್ರಿಷಿಯನ್‌ನೇ ಕರೆಸಬೇಕಾ? ಹೀಗಾದವರು ಯಾರಾದರೂ ಇದ್ದರೆ ಹೇಳಿ.