ಮೈಲುತುತ್ತದ ಐದನೆಯ ನೀರು ಎಲ್ಲಿ ಕೂತಿದೆ?

ಪ್ರಶ್ನೆ (ವಿದ್ಯಾರ್ಥಿನಿ): ನಮಸ್ಕಾರ ಸರ್. ಮೂಸೆಯಲ್ಲಿ 2.50 ಗ್ರಾಂ ಮೈಲುತುತ್ತ (ನೀರು ಸೇರಿದ ತಾಮ್ರದ ಸಲ್ಫೇಟ್, CuSO₄·5H₂O) ಕಾಯಿಸಿದೆ. 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ 1.78 ಗ್ರಾಂಗೆ ಇಳಿದು ಅಲ್ಲೇ ನಿಂತಿತು. 250 ದಾಟಿದ ಮೇಲೆ 1.60 ಆಯಿತು. ಹರಳು ಮುಟ್ಟಿದರೆ ಒಣಗಿಯೇ ಇರುತ್ತದೆ. ಹಾಗಾದರೆ ಸೂತ್ರದಲ್ಲಿರುವ ಐದು ನೀರು ಸ್ಪಂಜಿನಲ್ಲಿದ್ದ ಹಾಗೆ ಸಂದಿಗಳಲ್ಲಿ ಅಡಗಿದೆಯೇ? ಕೊನೆಯದೊಂದು ಮಾತ್ರ ಏಕೆ ಹಟ ಹಿಡಿಯಿತು?

ಉತ್ತರ (ಸ್ಫಟಿಕಶಾಸ್ತ್ರಜ್ಞ): ತೂಕ ಚೆನ್ನಾಗಿ ಮಾಡಿದ್ದೀರಿ. ಮೊದಲು ಹೋದ 0.72 ಗ್ರಾಂ ನಾಲ್ಕು ನೀರಿನ ಪಾಲು, ಆಮೇಲಿನ 0.18 ಐದನೆಯದರದು. ಸ್ಪಂಜಿನ ಮಾತು ಇಲ್ಲಿಗೇ ಬಿದ್ದುಹೋಯಿತು; ಹಿಂಡಿದಷ್ಟು ನೀರು ಬಿಡುವ ವಸ್ತುವಿನಲ್ಲಿ ಇಂಥ ಪೂರ್ಣಾಂಕದ ಲೆಕ್ಕ ಸಿಗುವುದಿಲ್ಲ.

ಈ ಹರಳಿನ ಒಳರಚನೆಯನ್ನು 1934ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ವಿಜ್ಞಾನಿಗಳು ಕ್ಷ-ಕಿರಣಗಳಿಂದ ಬಿಡಿಸಿದರು. ಪ್ರತಿ ತಾಮ್ರದ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣುವಿನ) ಸುತ್ತ ನಾಲ್ಕು ನೀರು ಚೌಕವಾಗಿ ಕೂತಿವೆ, ಸುಮಾರು 2 ಆಂಗ್‌ಸ್ಟ್ರಾಂ ದೂರದಲ್ಲಿ (ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು). ಚೌಕದ ಮೇಲೊಂದು, ಕೆಳಗೊಂದು ಸಲ್ಫೇಟಿನ ಆಕ್ಸಿಜನ್. ಅವು ತುಸು ದೂರ, ಸುಮಾರು 2.4 ಆಂಗ್‌ಸ್ಟ್ರಾಂ. ಐದನೆಯ ನೀರಿಗೂ ತಾಮ್ರಕ್ಕೂ ನೇರ ನಂಟೇ ಇಲ್ಲ. ಅದು ಹೈಡ್ರೋಜನ್ ಬಂಧಗಳಿಂದ, ಅಂದರೆ ನೀರಿನ ಹೈಡ್ರೋಜನ್ ಪಕ್ಕದ ಆಕ್ಸಿಜನ್ನನ್ನು ಸೆಳೆಯುವ ದುರ್ಬಲ ಹಿಡಿತದಿಂದ, ಸಲ್ಫೇಟನ್ನೂ ನೆರೆಯ ನೀರುಗಳನ್ನೂ ಹಿಡಿದು ನಿಂತಿದೆ. ಎಲ್ಲ ಐದಕ್ಕೂ ಗೊತ್ತಾದ ಜಾಗವಿದೆ, ಆದ್ದರಿಂದಲೇ ಕೈಗೆ ಒದ್ದೆ ತಾಗುವುದಿಲ್ಲ.

ಮರುಪ್ರಶ್ನೆ: ಅಂದರೆ ಕೊನೆಗೆ ಉಳಿದದ್ದು ಆ ಒಂಟಿ ನೀರೇ ಅಲ್ಲವೇ? ನಮ್ಮ ಟಿಪ್ಪಣಿಯಲ್ಲಿ ಹಾಗೆಯೇ ಬರೆಸಿದ್ದಾರೆ.

ಉತ್ತರ: ಬಹಳ ಕಡೆ ಹಾಗೆಯೇ ಬರೆಸುತ್ತಾರೆ, ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತೆಗೆದುಕೊಂಡವನು. ಆದರೆ ನೀರು ಹೋಗುವಾಗ ಉಳಿದ ಹರಳು ಇದ್ದ ಹಾಗೆಯೇ ಇರುವುದಿಲ್ಲ, ಪ್ರತಿ ಹಂತದಲ್ಲೂ ಹೊಸದಾಗಿ ಜೋಡಣೆಗೊಳ್ಳುತ್ತದೆ. ಐದರಿಂದ ಮೂರಕ್ಕೆ ಇಳಿದಾಗಲೇ ಉಳಿದ ಮೂರೂ ನೀರು ತಾಮ್ರಕ್ಕೆ ಅಂಟಿಕೊಂಡಿರುತ್ತವೆ. ಒಂಟಿ ನೀರು ಎಂಬುದೇ ಅಲ್ಲಿಲ್ಲ. ಒಂದೇ ನೀರಿರುವ ಲವಣದಲ್ಲಂತೂ ಆ ಅಣು ಎರಡು ತಾಮ್ರಗಳ ನಡುವೆ ಸೇತುವೆಯಾಗಿ ಕೂತಿದೆ. ಅದನ್ನು ಕೀಳಲು ಹೆಚ್ಚು ಕಾವು ಬೇಕಾಗುವುದು ಇದಕ್ಕೆ. ಐದರಲ್ಲಿ ಯಾವುದು ಉಳಿಯಿತು ಎಂದು ಹುಡುಕಬೇಡಿ, ಉಳಿದದ್ದು ಈಗ ಎಲ್ಲಿ ಕೂತಿದೆ ಎಂದು ನೋಡಿ.

ಒಂದು ಎಚ್ಚರಿಕೆ: ನೀರೆಲ್ಲ ಹೋದ ಮೇಲೆ ಉಳಿಯುವ ಬಿಳಿ ಪುಡಿಯ ಅಂಚು ಕಪ್ಪಾದರೆ ಉರಿ ಅತಿಯಾಗಿದೆ, ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತಿದೆ. ಆ ತೂಕವನ್ನು ನಂಬಬೇಡಿ.

ಇನ್ನೊಬ್ಬ ಸದಸ್ಯರು: ಉಳಿದ ಲವಣಗಳಲ್ಲೂ ಒಂದು ನೀರು ಹೀಗೆ ಹೊರಗಿರುತ್ತದೆಯೇ?

ಉತ್ತರ: ಒಂದೇ ಎಂದಿಲ್ಲ. ಏಳು ನೀರಿನ ಮೆಗ್ನೀಸಿಯಂ ಸಲ್ಫೇಟಿನಲ್ಲಿ ಆರು ಲೋಹದ ಸುತ್ತ, ಒಂದು ಹೊರಗೆ. ಆರು ನೀರಿನ ಕೋಬಾಲ್ಟ್ ಕ್ಲೋರೈಡಿನಲ್ಲಿ ಕೋಬಾಲ್ಟಿಗೆ ಅಂಟಿದ್ದು ನಾಲ್ಕೇ; ಮಿಕ್ಕ ಎರಡು ಸ್ಥಾನಗಳು ಕ್ಲೋರೈಡಿನವು. ಸೂತ್ರದ ನಡುವಿನ ಚುಕ್ಕೆ ಇದೊಂದನ್ನೂ ಹೇಳುವುದಿಲ್ಲ. ನನಗೆ ಇಷ್ಟವಾದದ್ದು ಜಿಪ್ಸಂ. ಅದರಲ್ಲಿ ಕ್ಯಾಲ್ಸಿಯಂ ಸಲ್ಫೇಟಿನ ಪದರಗಳ ನಡುವೆ ನೀರಿನ ಹಾಸು ಇದೆ. ಒಳ್ಳೆಯ ಹರಳಿನ ಅಂಚಿಗೆ ಬ್ಲೇಡಿನ ತುದಿ ಸಿಕ್ಕಿಸಿ ಮೆಲ್ಲಗೆ ಎಬ್ಬಿಸಿದರೆ ಗಾಜಿನಂಥ ಹಾಳೆ ಎದ್ದು ಬರುತ್ತದೆ. ಬಿಟ್ಟುಕೊಳ್ಳುವುದು ಆ ಹಾಸಿನ ಬಳಿಯೇ.