ಪದಚರ್ಚೆ: ಗಿಟಾರಿನ ಒಳಮೈಗೆ ‘ಮೆರುಗು’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಕಟ್ಟಲು ಹೊರಟವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಮರ ಆರಿಸುವುದು, ಕೊಯ್ಯುವುದು, ಅಂಟಿಸುವುದು, ತಂತಿ ಬಿಗಿಯುವುದು ಇವಕ್ಕೆಲ್ಲ ಪದಗಳು ತಾವಾಗಿಯೇ ಒದಗಿ ಬಂದವು. ಆದರೆ ಸೆಮಿ-ಹಾಲೋ, ಎಂದರೆ ಅರ್ಧ ಟೊಳ್ಳಾದ, ಗಿಟಾರಿನ ಒಡಲಿನ ಒಳಭಾಗಕ್ಕೆ ‘ಫಿನಿಶಿಂಗ್’ (ಮರದ ಮೈಗೆ ಲೇಪ ಹಚ್ಚುವ ಕೆಲಸ) ಮಾಡುವ ಅಧ್ಯಾಯದಲ್ಲಿ ತಕ್ಕ ಕ್ರಿಯಾಪದ ಯಾವುದೆಂದು ತೀರ್ಮಾನಿಸಲಾಗದೆ ನಿಮ್ಮ ಮುಂದೆ ಈ ಪ್ರಶ್ನೆಯನ್ನು ಇಡುತ್ತಿದ್ದೇನೆ. ಪದ ತಪ್ಪಿದರೆ ಓದುಗರ ಕೆಲಸವೂ ತಪ್ಪುವ ಸಂದರ್ಭ ಇದಾದ್ದರಿಂದ, ಮೊದಲು ಕೆಲಸವನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಬಗೆಯ ಗಿಟಾರಿಗೆ ಮಾದರಿಯೆಂದರೆ 1958ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಹೊರತಂದ ಇಎಸ್-335. ಅದರ ಒಡಲಿನ ನಡುವೆ ಉದ್ದಕ್ಕೂ ಮೇಪಲ್ ಮರದ ಒಂದು ದಿಮ್ಮಿಯಿದೆ, ಎರಡು ಪಕ್ಕಗಳು ಟೊಳ್ಳಾಗಿವೆ, ಮೇಲುಹಲಗೆಯಲ್ಲಿ ಎಫ್ ಅಕ್ಷರದ ಆಕಾರದ ಎರಡು ಕಿಂಡಿಗಳಿವೆ. ಪೂರ್ತಿ ಟೊಳ್ಳಾದ ಗಿಟಾರು ಸ್ಪೀಕರಿನಿಂದ ಬರುವ ತನ್ನದೇ ಸದ್ದಿಗೆ ಅದುರಿ ಊಳಿಡತೊಡಗುತ್ತದೆ. ನಡುವಿನ ದಿಮ್ಮಿ ಆ ಕಾಟವನ್ನು ತಗ್ಗಿಸುತ್ತದೆ. 1968ರಲ್ಲಿ ಬಂದ ಫೆಂಡರ್ ಟೆಲಿಕಾಸ್ಟರ್ ಥಿನ್‌ಲೈನ್‌ನಲ್ಲಿ ಬೇರೆ ದಾರಿ ಹಿಡಿದರು: ಗಟ್ಟಿ ಮರವನ್ನು ಹಿಂಬದಿಯಿಂದ ತೋಡಿ, ಹಿಂಬದಿಗೇ ತೆಳುವಾದ ಹಲಗೆಯನ್ನು ಅಂಟಿಸಿ ಮುಚ್ಚಿದರು. ಮನೆಯಲ್ಲಿ ಕಟ್ಟುವವರಿಗೆ ಈ ಎರಡನೆಯ ದಾರಿಯೇ ಸುಲಭ. ಹಲವರು ಮುಂಬದಿಯಿಂದ ತೋಡಿ ಮೇಲುಹಲಗೆಯನ್ನು ಕೊನೆಗೆ ಕೂರಿಸುತ್ತಾರೆ. ಇಂಥ ಒಡಲಿಗೆ ನಾನು ‘ಅರೆಟೊಳ್ಳು’ ಎಂದೇ ಬರೆದಿದ್ದೇನೆ. ‘ಅರೆಪೊಳ್ಳು’ ಎಂದೂ ಹೇಳಬಹುದಿತ್ತು, ಆದರೆ ಪೊಳ್ಳು ಎಂದ ಕೂಡಲೇ ಸತ್ವವಿಲ್ಲದ್ದು, ಸುಳ್ಳು ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಟೊಳ್ಳಿಗೆ ‘ಗಟ್ಟಿ’ ಎಂಬ ಎದುರುಪದವೂ ಸಿದ್ಧವಾಗಿರುವುದು ಇಲ್ಲಿ ದೊಡ್ಡ ಅನುಕೂಲ.

ಇನ್ನು ಮುಖ್ಯ ಪ್ರಶ್ನೆ. ನಿಘಂಟುಗಳಲ್ಲಿ ವಾರ್ನಿಶ್‌ಗೆ ‘ಮೆರುಗೆಣ್ಣೆ’ ಎಂಬ ಪದವಿದೆ, ಮರಗೆಲಸದವರ ಬಾಯಲ್ಲಿ ‘ಪಾಲಿಶ್’ ಇದೆ, ಬರವಣಿಗೆಯಲ್ಲಿ ‘ಮೆರುಗು ಕೊಡುವುದು’ ರೂಢಿಯಲ್ಲಿದೆ. ಗಿಟಾರಿನ ಹೊರಮೈಗೆ ಇವೆಲ್ಲವೂ ಸಲ್ಲುತ್ತವೆ. ಒಳಮೈಯ ಕೆಲಸಕ್ಕೂ ಹೊಳಪಿಗೂ ಸಂಬಂಧವೇ ಇಲ್ಲ. ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಅದೂ ಎಳೆಗೆ ಅಡ್ಡವಾಗಿ ಹೆಚ್ಚು, ಎಳೆಯುದ್ದಕ್ಕೆ ತೀರಾ ಕಡಿಮೆ. ಹೊರಮೈಗೆ ನಾಲ್ಕಾರು ಪದರ ಲ್ಯಾಕರ್ ಹೊಡೆದು ಒಳಮೈಯನ್ನು ಬರಿದಾಗಿ ಬಿಟ್ಟರೆ, ತೇವದ ಹೋಗುಬರವೆಲ್ಲ ಒಳಗಿನಿಂದಲೇ ನಡೆದು, ಒಂದು ಮೈ ಹಿಗ್ಗುವಾಗ ಇನ್ನೊಂದು ಮೈ ಹಾಗೆಯೇ ಉಳಿದು, ತೆಳುವಾದ ಮೇಲುಹಲಗೆ ಬಾಗಲು ಆಸ್ಪದವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿದ ವಾದ್ಯವನ್ನು ಕಲಬುರಗಿಯ ಬೇಸಿಗೆಗೆ ಒಯ್ಯುವವರು ಇದನ್ನು ಅಗತ್ಯವಾಗಿ ಯೋಚಿಸಬೇಕು. ಇಎಸ್-335ರಂಥ ಗಿಟಾರುಗಳಲ್ಲಿ ಮೇಲುಹಲಗೆ ಪದರಪದರವಾಗಿ ಅಂಟಿಸಿದ ಪ್ಲೈ ಆದ್ದರಿಂದ ಅದು ಅಷ್ಟಾಗಿ ಬಾಗುವುದಿಲ್ಲ, ಒಳಮೈ ಬರಿದಾಗಿದ್ದರೂ ನಡೆಯುತ್ತದೆ. ಮನೆಯಲ್ಲಿ ಇಡಿಮರದ ತೆಳುಹಲಗೆಯನ್ನು ಬಳಸುವವರಿಗೆ ಆ ರಕ್ಷಣೆ ಇಲ್ಲ.

ಇದಕ್ಕೆ ಒಳ್ಳೆಯ ಪರಿಹಾರ ಅರಗು. ಮೇಣ ತೆಗೆದ ಶೆಲ್ಲಾಕ್ (ಶುದ್ಧಗೊಳಿಸಿದ ಅರಗು) ಚಕ್ಕೆಗಳನ್ನು ಒಂದು ಲೀಟರ್ ಸ್ಪಿರಿಟ್‌ಗೆ (ಆಲ್ಕೊಹಾಲ್) ಸುಮಾರು 120 ಗ್ರಾಂನಂತೆ ಕರಗಿಸಿ, ಉಪ್ಪುಕಾಗದದಿಂದ ಉಜ್ಜಿ ಧೂಳು ತೆಗೆದ ಒಳಮೈಗೆ ತೆಳುವಾಗಿ ಒಂದೆರಡು ಸಲ ಹಚ್ಚಿದರೆ ಸಾಕು. ಅದು ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನವಾಗಿಸುತ್ತದೆ, ಅಷ್ಟೇ ಬೇಕಾಗಿರುವುದು. ಅಗಸೆ ಎಣ್ಣೆಯನ್ನು ಒಳಗೆ ಬಳಿಯಬಾರದೆಂದು ನಾನು ಸ್ಪಷ್ಟವಾಗಿ ಬರೆದಿದ್ದೇನೆ, ಏಕೆಂದರೆ ಅದು ಗಾಳಿಯ ಆಮ್ಲಜನಕದಿಂದ ನಿಧಾನವಾಗಿ ಗಟ್ಟಿಯಾಗುವಂಥದ್ದು, ಮುಚ್ಚಿದ ಒಡಲಿನಲ್ಲಿ ಅದರ ವಾಸನೆ ಬಹುಕಾಲ ಉಳಿಯುತ್ತದೆ, ಮೇಲಾಗಿ ತೇವದ ಆವಿಯನ್ನು ತಡೆಯುವ ಶಕ್ತಿಯೂ ಅದಕ್ಕೆ ಕಡಿಮೆ. ಒಳಲೇಪದಿಂದ ಧ್ವನಿ ಬದಲಾಗುತ್ತದೆಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಇಲ್ಲಿ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಹಿಡಿಯುವುದು ಮುಖ್ಯವಾಗಿ ತಂತಿಯ ಕಂಪನವನ್ನು, ಒಡಲಿನ ಸದ್ದನ್ನಲ್ಲ.

ಈಗ ಗಮನಿಸಿ: ಈ ಕೆಲಸ ಮೇಲುಹಲಗೆಯನ್ನು ಅಂಟಿಸುವ ಮೊದಲೇ ಮುಗಿಯಬೇಕು. ಆಮೇಲೆ ಎಫ್ ಕಿಂಡಿಯ ಮೂಲಕ ಎಟುಕುವುದು ಅಂಗೈಯಗಲದ ಜಾಗ ಮಾತ್ರ. ಅಂಟು ಹಿಡಿಯಬೇಕಾದ ಅಂಚುಗಳಿಗೆ ಮತ್ತು ನಡುದಿಮ್ಮಿಯ ಮೇಲ್ಮೈಗೆ ಟೇಪ್ ಹಚ್ಚಿ ಬರಿಮರವಾಗಿಯೇ ಉಳಿಸಿಕೊಳ್ಳಬೇಕು, ಏಕೆಂದರೆ ಮರದ ಅಂಟು ಅರಗಿನ ಮೇಲೆ ನೆಚ್ಚುವಂತೆ ಕೂರುವುದಿಲ್ಲ. ಆದ್ದರಿಂದಲೇ ‘ಅಂತಿಮ ಸ್ಪರ್ಶ’, ‘ಮುಕ್ತಾಯ’, ‘ಕೊನೆಗೆಲಸ’ ಮುಂತಾದ ಪದಗಳನ್ನು ಕೈಬಿಟ್ಟೆ. ಅವುಗಳನ್ನು ಓದಿದವರು ಒಡಲನ್ನು ಮೊದಲು ಮುಚ್ಚಿ, ಕೊನೆಯಲ್ಲಿ ಒಳಗನ್ನು ನೋಡಿಕೊಳ್ಳೋಣವೆಂದು ಭಾವಿಸುವುದು ಸಹಜ. ‘ಫಿನಿಶಿಂಗ್’ ಎಂದು ಇಂಗ್ಲಿಷ್ ಪದವನ್ನೇ ಇಟ್ಟರೂ ಇದೇ ತೊಡಕು.

ನನ್ನ ಮನಸ್ಸು ಒಲಿದಿರುವುದು ‘ಕುಡಿಸು’ ಎಂಬ ಕ್ರಿಯಾಪದಕ್ಕೆ. ಹೊಸ ಗೋಡೆ ಬಣ್ಣ ಕುಡಿಯುತ್ತದೆ, ಒಣಗಿದ ಮರ ಎಣ್ಣೆ ಕುಡಿಯುತ್ತದೆ ಎಂದು ನಾವು ದಿನವೂ ಹೇಳುತ್ತೇವೆ. ‘ಒಳಮೈಗೆ ಅರಗು ಕುಡಿಸಿ’ ಎಂದಾಗ ಮೇಲೆ ಪದರ ಕಟ್ಟುವುದಲ್ಲ, ಮರದ ರಂಧ್ರಗಳೊಳಗೆ ಇಳಿಸುವುದು ಎಂಬುದು ತಾನೇ ತಿಳಿಯುತ್ತದೆ. ಅರಗು ಎಂಬ ನಾಮಪದ ಅರಗಿನ ಮನೆಯ ಕತೆಯಿಂದ ಎಲ್ಲರಿಗೂ ಪರಿಚಿತ. ಆದರೆ ಅದರಿಂದಲೇ ‘ಅರಗಿಸು’ ಎಂದು ಕ್ರಿಯಾಪದ ಮಾಡಹೊರಟರೆ ಅದು ಊಟ ಜೀರ್ಣಿಸುವ ಮಾತಾಗಿಬಿಡುತ್ತದೆ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುವಂತೆ ಮಾಡುತ್ತಾರೆ. ಅಲ್ಲಿ ಗುರಿ ಬಣ್ಣ ಮತ್ತು ಹೊಳಪು, ಆದ್ದರಿಂದ ಅಲ್ಲಿನ ಮಾತು ನನ್ನ ಅಗತ್ಯಕ್ಕೆ ನೇರವಾಗಿ ಒದಗಲಾರದು ಎನಿಸುತ್ತದೆ.

ಒಳಗೆ ಮಾಡುವ ಇನ್ನೆರಡು ಕೆಲಸಗಳಿವೆ. ಕಿಂಡಿಯಿಂದ ಕಣ್ಣಿಗೆ ಬೀಳುವ ಭಾಗಕ್ಕೆ ಮತ್ತು ಕಿಂಡಿಯ ಅಂಚಿಗೆ ಕೆಲವರು ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುತ್ತಾರೆ. ಇದು ಚೆಂದಕ್ಕಾಗಿ ಮಾಡುವುದು, ಇದಕ್ಕೆ ‘ಒಪ್ಪ’ ಎಂಬ ಹಳೆಯ ಪದ ಚೆನ್ನಾಗಿ ಹೊಂದುತ್ತದೆ. ವಾಲ್ಯೂಮ್, ಟೋನ್ ಗುಂಡಿಗಳು ಕೂರುವ ಗೂಡಿಗೆ ಇಂಗಾಲ ಬೆರೆತ, ವಿದ್ಯುತ್ ಹರಿಯುವ ಬಣ್ಣವನ್ನು ಬಳಿದು ಅದನ್ನು ಗ್ರೌಂಡ್ ತಂತಿಗೆ ಸೇರಿಸಿದರೆ, ಹೊರಗಿನ ವಿದ್ಯುತ್ ಉಪಕರಣಗಳಿಂದ ಬರುವ ಗುಂಯ್‌ಗುಡುವಿಕೆ ತಗ್ಗುತ್ತದೆ. ಇದನ್ನು ‘ಕವಚ ಬಳಿಯುವುದು’ ಎಂದು ಬರೆದಿದ್ದೇನೆ. ಮೂರಕ್ಕೂ ‘ಒಳಲೇಪನ’ ಎಂಬ ಒಂದೇ ಪದವನ್ನು ಹೊದಿಸಿದರೆ ಬರವಣಿಗೆ ಅಚ್ಚುಕಟ್ಟಾಗಿ ಕಂಡೀತು, ಆದರೆ ಕುಂಚ ಹಿಡಿದವರಿಗೆ ಯಾವುದನ್ನು ಎಲ್ಲಿ ಬಳಿಯಬೇಕೆಂಬುದು ತಿಳಿಯದು.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ಹಲಸಿನ ಮರವನ್ನು ತೋಡಿ ವೀಣೆಯ ಕೊಡ ಮಾಡುವವರು, ಸೋರೆಬುರುಡೆಯಿಂದ ತಂಬೂರಿ ಕಟ್ಟುವವರು ಒಳಮೈಗೆ ಏನನ್ನಾದರೂ ಹಚ್ಚುತ್ತಾರೆಯೇ, ಹಚ್ಚಿದರೆ ಆ ಕೆಲಸಕ್ಕೆ ಯಾವ ಮಾತು ಬಳಸುತ್ತಾರೆ? ಕರಾವಳಿಯಲ್ಲಿ ಮರದ ದೋಣಿಗೆ ಗೇರೆಣ್ಣೆ ಹಾಕುವವರು ‘ಕುಡಿಸು’ ಎನ್ನುತ್ತಾರೋ ‘ಉಣಿಸು’ ಎನ್ನುತ್ತಾರೋ ಅಥವಾ ಬೇರೊಂದು ಪದವಿದೆಯೋ? ಕಸುಬಿನವರ ಬಾಯಿಂದ ನೀವೇ ಕೇಳಿದ ಪದವಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ. ನಿಘಂಟಿನ ಪದಕ್ಕಿಂತ ಮೊದಲು ಅದನ್ನೇ ಕೈಪಿಡಿಯಲ್ಲಿ ಬಳಸುತ್ತೇನೆ.